ಆಕರಕೋಶ: ಶಬ್ದವಿಮರ್ಶೆ

ರಕ್ತೋತ್ಪತ್ತಿಗೆ ಮೂಲವಾದ ಜೀವಕೋಶಗಳನ್ನು ಒಬ್ಬರಿಂದ ಪಡೆದು ಮತ್ತೊಬ್ಬರಲ್ಲಿ ನೆಲೆಗೊಳಿಸುವ ಚಿಕಿತ್ಸೆಯನ್ನು ಕುರಿತು ಕನ್ನಡದಲ್ಲಿ ಈಗ ಲೇಖನಗಳು ಹೊರಡುತ್ತಿವೆ. ಅವುಗಳಲ್ಲಿ ಆ ಮೂಲವಸ್ತುವಿಗೆ ‘ಕಾಂಡಕೋಶ’, ‘ಆಕರಕೋಶ’ ಎಂಬ ಎರಡು ಹೆಸರುಗಳು ಕಾಣುತ್ತವೆ. ಮೊದಲನೆಯದು ‘ಸ್ಟೆಮ್’ ಎಂಬ ಇಂಗ್ಲಿಷ್ ಮಾತಿನ ಅಕ್ಷರಾನುವಾದ. ಕಾಂಡವೆಂದರೆ ಗಿಡದ ದಂಟು, ಗ್ರಂಥದ ಭಾಗ. ‘ಹತ್ಯಾಕಾಂಡ’ವೆಂಬ ಈಚಿನ ಸಮಾಸದಿಂದ ಅದಕ್ಕೆ ಅಮಂಗಲಚ್ಛಾಯೆಯೂ ಬಂದಿದೆ. ಉತ್ಪತ್ತಿಸ್ಥಾನವೆಂಬ ಅರ್ಥವಾದರೋ ಅದರಲ್ಲಿಲ್ಲ. ಆಕರವೆಂದರೆ ಗಣಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೆಲದಿಂದ ಚಿನ್ನ ತೆಗೆಯುವುದನ್ನು ಬಲ್ಲವರಿಗೆ ಈ ಪದಕ್ಕೆ ವ್ಯಾಖ್ಯಾನವೇ ಬೇಡ. ಗಣಿ ಬರಿದಾಗುವುದು, ಮಜ್ಜೆ ಮತ್ತೆ ತುಂಬಿಕೊಳ್ಳುವುದು. ಇಷ್ಟು ವೈಷಮ್ಯವು ಉಪಮಾನಕ್ಕೆ ಕ್ಷಮ್ಯ.

‘ಕಸಿ’ಯೂ ವಿಚಾರಾರ್ಹವೇ. ಕಸಿಯಲ್ಲಿ ಕತ್ತಿಯುಂಟು, ಕಟ್ಟುಂಟು. ಇಲ್ಲಿಯೋ, ರೋಗಿಯ ಮಜ್ಜೆಯನ್ನು ಮೊದಲು ಔಷಧದಿಂದ ತೆರವುಮಾಡಿ, ಕೋಶಗಳನ್ನು ರಕ್ತದಂತೆ ಅಭಿಧಮನಿಯೊಳಗೆ ಹರಿಸುತ್ತಾರೆ. ಅವು ತಾವಾಗಿಯೇ ಎಲುಬನ್ನು ಸೇರಿ ಬೇರುಬಿಡುವುದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಸಿಂಧನೂರಿನ ಕಾಲುವೆಯ ಕೆಳಗೆ ಹದಮಾಡಿದ ಗದ್ದೆಯಲ್ಲಿ ನಡೆಯುವ ಭತ್ತದ ‘ನಾಟಿ’ಯೇ ಇದಕ್ಕೆ ಹೆಚ್ಚು ಒಪ್ಪುತ್ತದೆ.

ಎಲ್ಲಕ್ಕಿಂತ ಅನರ್ಥಕಾರಿಯಾದುದು ‘ಹೊಂದಾಣಿಕೆ ಪರೀಕ್ಷೆ’ ಎಂಬ ಮಾತು. ರಕ್ತದ ಗುಂಪಿಗೂ ಇದೇ ಮಾತು, ವಧೂವರರ ಜಾತಕಕ್ಕೂ ಇದೇ ಮಾತು! ಪ್ರಯೋಗಶಾಲೆಯಲ್ಲಿ ಇಲ್ಲಿ ಮುಖ್ಯವಾಗಿ ನೋಡುವುದು ರಕ್ತದ ಗುಂಪನ್ನಲ್ಲ. ಫ್ರಾನ್ಸಿನ ಝಾನ್ ಡೌಸೆ 1958ರಲ್ಲಿ ಮೊದಲು ಗುರುತಿಸಿದ, ಎಚ್‌ಎಲ್‌ಎ ಎಂಬ ಕೋಶಲಾಂಛನಗಳನ್ನು. ಇವುಗಳ ವಂಶಬೀಜಗಳು ಆರನೆಯ ವರ್ಣತಂತುವಿನಲ್ಲಿವೆ. ತಂದೆಯಿಂದ ಒಂದು ಗುಚ್ಛ, ತಾಯಿಯಿಂದ ಒಂದು ಗುಚ್ಛ ಬರುವುದರಿಂದ, ಒಡಹುಟ್ಟಿದವರೊಬ್ಬರಲ್ಲಿ ಪೂರ್ಣಸಾಮ್ಯ ದೊರೆಯುವ ಸಂಭವ ನಾಲ್ಕರಲ್ಲಿ ಒಂದು. ರಕ್ತದ ಗುಂಪು ಬೇರೆಯಾದರೂ ನಾಟಿಗೆ ಬಾಧಕವಿಲ್ಲ; ಕಾಲಾಂತರದಲ್ಲಿ ರೋಗಿಯ ಗುಂಪೇ ದಾನಿಯ ಗುಂಪಾಗಿ ಮಾರ್ಪಡುತ್ತದೆ. ಈ ಭೇದವನ್ನು ಹೇಳದ ಲೇಖನವನ್ನೋದಿ, ಮಸ್ಕಿಯ ತಾಯಿಯೊಬ್ಬಳು ‘ಗುಂಪು ಬೇರೆ’ಯೆಂದು ಹಿರಿಯ ಮಗನನ್ನು ಪರೀಕ್ಷೆಗೇ ಕರೆದೊಯ್ಯದಿದ್ದರೆ, ಕಿರಿಯವನಿಗೆ ಉಳಿಯಬಹುದಾಗಿದ್ದ ಪ್ರಾಣವು ಶಬ್ದದೋಷದಿಂದಲೇ ಹೋದಂತಾಗುವುದು. ‘ಅಂಗಾಂಶಸಾಮ್ಯ’ವೆಂದರೆ ಈ ಭ್ರಾಂತಿಗೆ ಎಡೆಯಿಲ್ಲ. ಅದೇ ಮಸ್ಕಿಯ ಬಂಡೆಯಲ್ಲಿ 1915ರಲ್ಲಿ ಅಶೋಕನೆಂಬ ಒಂದು ಹೆಸರು ದೊರೆತುದರಿಂದಲ್ಲವೆ ದೇವಾನಾಂಪ್ರಿಯನು ಯಾರೆಂಬುದು ದೃಢಪಟ್ಟುದು?

ದಾನಿಯ ಕೋಶಗಳನ್ನು ಎಣಿಸುವ, ಅವು ಜೀವಂತವೇ ನಿಷ್ಕ್ರಿಮಿಯೇ ಎಂದು ನೋಡುವ ಪರೀಕ್ಷೆಗಳ ಹೆಸರುಗಳು ಸುಗಮವಾಗಿಯೇ ಇವೆ. ನಾಟಿಯಾದ ಮೇಲೆ ಹರಿಯುತ್ತಿರುವ ರಕ್ತದಲ್ಲಿ ದಾನಿಯದೆಷ್ಟು, ರೋಗಿಯದೆಷ್ಟು ಎಂದು ಅಳೆಯುವ ‘ಕೈಮೆರಿಸಂ’ ಪರೀಕ್ಷೆಯೊಂದು ಉಳಿಯಿತು. ಸಿಂಹ, ಆಡು, ಸರ್ಪಗಳು ಕೂಡಿದ ಗ್ರೀಕರ ವಿಚಿತ್ರಮೃಗವೊಂದರಿಂದ ಬಂದ ಹೆಸರದು. ‘ಶರಭಪರೀಕ್ಷೆ’ಯೆಂದರೆ ಪಂಡಿತರು ಮೆಚ್ಚಿಯಾರು, ರೋಗಿ ಬೆದರಿಯಾನು, ‘ರಕ್ತಮೂಲಪರೀಕ್ಷೆ’ಯೆಂದರೆ ಸಾಕು.