ಮೇಲಿನಿಂದ ಕಾಣದ ಎಡಕಲ್ಲು: ವೈಮಾನಿಕ ಪುರಾತತ್ತ್ವದ ನೋಟಕ್ಕೊಂದು ಆಕ್ಷೇಪ

‘ಎಡಕಲ್ಲು ಗುಡ್ಡದ ಮೇಲೆ’ ಅಂದ ಕೂಡಲೇ ನಮಗೆ ನೆನಪಾಗೋದು ಭಾರತೀಸುತರ ಕಾದಂಬರಿ, ಪುಟ್ಟಣ್ಣ ಕಣಗಾಲರ 1973ರ ಸಿನಿಮಾ. ಆದರೆ ವಯನಾಡಿನ ಆ ಗುಡ್ಡದಲ್ಲಿ ಪುರಾತತ್ತ್ವಕ್ಕೆ ಬೇಕಾದದ್ದು ಇರುವುದು ಮೇಲೆ ಅಲ್ಲ, ಒಳಗೆ. ನನ್ನ ಆಕ್ಷೇಪ ಹುಟ್ಟಿದ್ದೂ ಇಲ್ಲಿಂದಲೇ.

ವೈಮಾನಿಕ ಛಾಯಾಗ್ರಹಣದ ಚರಿತ್ರೆಯನ್ನು ನಾವು ಒಂದು ವಿಜಯಯಾತ್ರೆಯ ಹಾಗೆ ಓದುತ್ತೇವೆ. 1906ರಲ್ಲಿ ಸೇನೆಯ ಬಲೂನಿನಿಂದ ಸ್ಟೋನ್‌ಹೆಂಜ್‌ನ ಚಿತ್ರ ತೆಗೆದರು. ಮೊದಲ ಮಹಾಯುದ್ಧದಲ್ಲಿ ವಿಮಾನದ ವೀಕ್ಷಕನಾಗಿದ್ದ ಒ.ಜಿ.ಎಸ್. ಕ್ರಾಫರ್ಡ್, ಆಮೇಲೆ ಅಲೆಕ್ಸಾಂಡರ್ ಕೈಲರ್ ಜೊತೆ 1928ರಲ್ಲಿ ‘ವೆಸೆಕ್ಸ್ ಫ್ರಮ್ ದಿ ಏರ್’ ಪ್ರಕಟಿಸಿದರು. ವುಡ್‌ಹೆಂಜ್ ಇದರ ಪ್ರಸಿದ್ಧ ಉದಾಹರಣೆ. 1925ರಲ್ಲಿ ಪೈಲಟ್ ಇನ್ಸಾಲ್ ಅದನ್ನು ಆಕಾಶದಿಂದ ಗುರುತಿಸಿದರು. ಮರುವರ್ಷ ಗೋಧಿ ಹೊಲದಲ್ಲಿ ವೃತ್ತಾಕಾರದ ಚುಕ್ಕಿಗಳು ಎದ್ದು ಕಂಡವು. ಅಗೆದಾಗ ಸಿಕ್ಕಿದ್ದು ಮರದ ಕಂಬಗಳ ಗುಂಡಿಗಳು.

ಇದು ಹೇಗೆ ಸಾಧ್ಯವಾಯ್ತು ನೋಡಿ. ಮುಚ್ಚಿಹೋದ ಹಳೆಯ ಗುಂಡಿಯಲ್ಲಿ ತೇವ ನಿಲ್ಲುತ್ತದೆ, ಅಲ್ಲಿನ ಪೈರು ಎತ್ತರವಾಗಿ, ಹಸಿರಾಗಿ ಬೆಳೆಯುತ್ತದೆ. ಹೂತ ಗೋಡೆಯ ಮೇಲಿನ ಪೈರು ಬೇಗ ಹಳದಿಯಾಗುತ್ತದೆ. ಅಂದರೆ ಕ್ಯಾಮೆರಾದಷ್ಟೇ ಕೆಲಸವನ್ನು ಬಯಲು, ಒಂದೇ ಬೆಳೆ, ಒಣ ಬೇಸಿಗೆ ಮಾಡಿವೆ. ನೆಲವೆಂದರೆ ಬರೆದು, ಅಳಿಸಿ, ಮತ್ತೆ ಬರೆದ ಹಾಳೆ ಎಂಬ ಕ್ರಾಫರ್ಡರ ರೂಪಕ ಆ ನೆಲಕ್ಕೆ ಸರಿ. ಎಲ್ಲ ನೆಲಕ್ಕೂ ಸರಿಯಾ?

ಎಡಕಲ್ಲು ಅಂಬುಕುತ್ತಿ ಬೆಟ್ಟದಲ್ಲಿದೆ. ಎಡೆ, ಕಲ್ಲು: ಹೆಸರೇ ಎಲ್ಲ ಹೇಳುತ್ತದೆ. ಅದು ನಿಜವಾದ ಗುಹೆಯಲ್ಲ. ಬಂಡೆಯ ಸೀಳು, ಅದರ ಮೇಲೆ ಸಿಕ್ಕಿಕೊಂಡ ಭಾರೀ ಕಲ್ಲೇ ಚಾವಣಿ. ಸುಮಾರು 96 ಅಡಿ ಉದ್ದ, 22 ಅಡಿ ಅಗಲ. ಗೋಡೆ ತುಂಬ ಕೊರೆದ ಮನುಷ್ಯರೂಪಗಳು, ಚಿಹ್ನೆಗಳು, ಜೊತೆಗೆ ಬ್ರಾಹ್ಮಿ ಬರಹ. ಬರೆದದ್ದರ ಮೇಲೆ ಬರೆದ ಹಾಳೆ ಅಂದರೆ ಇದೇ ಅಲ್ವಾ? ಆದರೆ ವಿಮಾನಕ್ಕೆ ಇದು ಬರೀ ಕಲ್ಲಿನ ಬೆನ್ನು. 1890ರ ದಶಕದಲ್ಲಿ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ಗುಡ್ಡ ಹತ್ತಿ ಒಳಗಿಳಿದೇ ಇದನ್ನು ನೋಡಿದ್ದು. 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದದ್ದು.

ಹಾಗಂತ ನಾನು ವಿಮಾನದ ವಿರೋಧಿಯಲ್ಲ. ನನ್ನ ತಕರಾರು ನಮ್ಮ ಪಠ್ಯಕ್ರಮದ ಬಗ್ಗೆ. ಮೇಲಿನ ನೋಟವೇ ಪೂರ್ಣ ನೋಟ, ಕಾಲ್ನಡಿಗೆಯ ಸರ್ವೆ ಅದಕ್ಕೆ ಪೂರಕ ಎಂದು ಕಲಿಸಿದರೆ, ಚಿತ್ರದಲ್ಲಿ ಏನೂ ಕಾಣದ ಜಾಗವನ್ನು ನಾವು ‘ಖಾಲಿ’ ಎಂದು ಗುರುತು ಹಾಕುತ್ತೇವೆ. ಖಾಲಿ ಎಂದ ಬೆಟ್ಟಕ್ಕೆ ಕ್ವಾರಿ ಬಂದರೆ ಆಕ್ಷೇಪಿಸಲು ನಮ್ಮ ಕೈಯಲ್ಲಿ ದಾಖಲೆ ಇರುವುದಿಲ್ಲ.

ಪ್ರಶ್ನೆ (ಸಭೆಯಿಂದ): ಈಗ ಲೈಡಾರ್ ಇದೆಯಲ್ಲ, ಮರಗಳ ಅಡಿಯೂ ಕಾಣುತ್ತಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ. ಲೇಸರ್ ಕಿರಣ ಎಲೆಗಳ ಸಂದಿಯಿಂದ ಇಳಿದು ನೆಲದ ಏರುತಗ್ಗು ತೋರಿಸುತ್ತದೆ. 2009ರಲ್ಲಿ ಬೆಲೀಜ್‌ನ ಕಾರಕೋಲ್‌ನಲ್ಲಿ, 2012ರಲ್ಲಿ ಅಂಗ್‌ಕೋರ್‌ನಲ್ಲಿ ಅದು ದೊಡ್ಡ ಕೆಲಸ ಮಾಡಿದೆ. ವಯನಾಡಿನ ಕಾಫಿ ತೋಟಗಳ ನೆರಳಿನಡಿಯ ದಿಬ್ಬ, ಕಂದಕಗಳಿಗೂ ಪ್ರಯತ್ನಿಸಬೇಕಾದದ್ದೇ. ಆದರೆ ಎಲೆ ದಾಟುವ ಕಿರಣ ಬಂಡೆ ದಾಟುವುದಿಲ್ಲ. ಒಳಗೋಡೆಯ ಗೆರೆ ಓದಲು ಟಾರ್ಚ್ ಹಿಡಿದು ಯಾರಾದರೂ ಇಳಿಯಲೇಬೇಕು. ಆದ್ದರಿಂದ ನನ್ನ ಸಲಹೆ ಇಷ್ಟೇ: ಪ್ರತಿ ವೈಮಾನಿಕ ನಕ್ಷೆಯಲ್ಲೂ ‘ಇಲ್ಲಿ ನಡೆದು ನೋಡಿಲ್ಲ’ ಎಂಬ ಒಂದು ಬಣ್ಣ ಇರಲಿ.