ನೆಲವಿಲ್ಲದ ನೆಲೆ: ಸಿಮ್ಯುಲೇಟರ್‌ಗಳಲ್ಲಿ ಗ್ರಾಮೀಣ ವಿಮಾನತಾಣದ ಚಿತ್ರಣ

ಗ್ರಾಮದ ಚಿತ್ರಣವನ್ನು ಕುರಿತ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಕಾದಂಬರಿ, ಚಲನಚಿತ್ರಗಳ ಸುತ್ತಲೇ ನಡೆದುಬಂದಿದೆ. ಗಣಕಯಂತ್ರದ ತೆರೆಯ ಮೇಲೆ ವಿಮಾನ ನಡೆಸುವ ಅನುಭವವನ್ನು ಕಲ್ಪಿಸಿಕೊಡುವ ಫ್ಲೈಟ್ ಸಿಮ್ಯುಲೇಟರ್‌ಗಳು ಆ ಚರ್ಚೆಯ ಪರಿಧಿಯೊಳಗೆ ಬಂದದ್ದು ವಿರಳ. ಇಡೀ ಭೂಮಂಡಲವನ್ನೇ ಚಿತ್ರಿಸಲು ಹೊರಟಿರುವ ಈ ತಂತ್ರಾಂಶಗಳೂ ಒಂದು ಬಗೆಯ ಪಠ್ಯಗಳೇ. ಅವು ಗ್ರಾಮೀಣ ಪ್ರದೇಶದ ಚಿಕ್ಕ ವಿಮಾನತಾಣಗಳನ್ನು ಹೇಗೆ ನಿರೂಪಿಸುತ್ತವೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

1982ರಲ್ಲಿ ಮೊದಲು ಹೊರಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ 2020ರ ಆವೃತ್ತಿಯಲ್ಲಿ ಸುಮಾರು 37 ಸಾವಿರ ವಿಮಾನತಾಣಗಳಿದ್ದವು. ಅವುಗಳಲ್ಲಿ ಕಲಾವಿದರು ಒಂದೊಂದನ್ನೂ ವಿವರವಾಗಿ ರೂಪಿಸಿದವು, ಬಿಡುಗಡೆಯ ವೇಳೆಗೆ, ಮಾರಾಟದ ದರ್ಜೆಗೆ ಅನುಗುಣವಾಗಿ 30ರಿಂದ 40 ಮಾತ್ರ. ಉಳಿದವು ಉಪಗ್ರಹಚಿತ್ರ ಹಾಗೂ ದತ್ತಾಂಶಗಳನ್ನು ಆಧರಿಸಿದವು. ಸುತ್ತಲಿನ ಮನೆಮಠಗಳನ್ನಂತೂ ಬಹುಪಾಲು ಯಂತ್ರವೇ ಮೇಲಿನಿಂದ ಕಂಡ ಚಿತ್ರವನ್ನು ನೋಡಿ ಊಹಿಸಿಕೊಂಡಿತು. ವಿಶೇಷ ಆರೈಕೆ ಪಡೆದ ಪಟ್ಟಿಯಲ್ಲಿ ಮಹಾನಗರಗಳ ಜೊತೆಗೆ ನೇಪಾಳದ ಲುಕ್ಲಾ, ಪಪುವಾದ ಬುಗಲಗದಂತಹ ದುರ್ಗಮ ನೆಲೆಗಳೂ ಇದ್ದವು. ಇವು ಆಟಗಾರನಿಗೆ ಒದಗುವುದು ಇಳಿಯುವ ಸಾಹಸದ ಕಣಗಳಾಗಿ. ಹೀಗೆ ಗ್ರಾಮೀಣ ನೆಲೆಗೆ ಎರಡೇ ಪಾತ್ರಗಳು ಉಳಿಯುತ್ತವೆ: ಒಂದೋ ಸವಾಲು, ಇಲ್ಲವೇ ಭರ್ತಿ.

ಲುಕ್ಲಾದ ನಿದರ್ಶನವನ್ನು ತುಸು ವಿವರವಾಗಿ ನೋಡಬಹುದು. ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿರುವ ಈ ತಾಣದ ರನ್‌ವೇ 527 ಮೀಟರ್ ಉದ್ದವಿದ್ದು, ಸುಮಾರು ಶೇ. 12ರಷ್ಟು ಇಳಿಜಾರಾಗಿದೆ. ಒಂದು ತುದಿಗೆ ಬೆಟ್ಟದ ಗೋಡೆ, ಇನ್ನೊಂದಕ್ಕೆ ಪ್ರಪಾತ. ಏರಿನತ್ತ ಇಳಿದು, ಇಳಿಜಾರಿನತ್ತ ಹಾರಬೇಕು. ಮೈಕ್ರೋಸಾಫ್ಟ್‌ನ 2006ರ ಆವೃತ್ತಿಯವರೆಗೂ ರನ್‌ವೇಯನ್ನು ಸಮತಟ್ಟಾಗಿಯೇ ಹಾಸುವ ಪದ್ಧತಿಯಿದ್ದುದರಿಂದ, ಈ ನೆಲೆಯ ಮುಖ್ಯ ಲಕ್ಷಣವೇ ಅದರಲ್ಲಿ ಅಳಿಸಿಹೋಗುತ್ತಿತ್ತು. 2020ರ ಆವೃತ್ತಿ ಇಳಿಜಾರನ್ನು ಮರಳಿ ತಂದುಕೊಟ್ಟಿತು. ಇದು ಗಣನೀಯ ಸಾಧನೆಯೆಂಬುದನ್ನು ನಾವು ಒಪ್ಪುತ್ತೇವೆ.

ಆದರೆ ನೆಲದ ಆಕಾರ ದೊರೆತ ಮಾತ್ರಕ್ಕೆ ನೆಲದ ಅರ್ಥ ದೊರೆಯುವುದಿಲ್ಲ. ಎಡ್ಮಂಡ್ ಹಿಲರಿಯವರ ನೇತೃತ್ವದಲ್ಲಿ 1964ರಲ್ಲಿ ಈ ತಾಣ ಸಿದ್ಧವಾದದ್ದು ಖುಂಬು ಪ್ರದೇಶದ ಶಾಲೆ, ಆಸ್ಪತ್ರೆಗಳ ನಿರ್ಮಾಣಕ್ಕೆ ಸಾಮಗ್ರಿ ಸಾಗಿಸುವ ಸಲುವಾಗಿ. ಸ್ಥಳೀಯ ಶೆರ್ಪಾ ರೈತರಿಂದ ಜಮೀನು ಕೊಳ್ಳಲಾಯಿತು. ಮಣ್ಣು ಗಟ್ಟಿಯಾಗದಿದ್ದಾಗ ಶೆರ್ಪಾಗಳು ಮದ್ಯ ಸೇವಿಸಿ, ಸಾಲುಗಟ್ಟಿ ಕುಣಿದು ನೆಲವನ್ನು ತುಳಿದು ಹದಗೊಳಿಸಿದರೆಂಬ ವೃತ್ತಾಂತ ಪ್ರಸಿದ್ಧವಾಗಿದೆ. ಡಾಂಬರು ಬಂದದ್ದು 2001ರಲ್ಲಿ. ಸಿಮ್ಯುಲೇಟರ್‌ನಲ್ಲಿ ಉಳಿದಿರುವುದು ಡಾಂಬರು. ಅದರ ಕೆಳಗಿನ ಹೆಜ್ಜೆಗಳಲ್ಲ. ಅಲ್ಲಿ ವಿಮಾನ ಇಳಿಯಿತೇ ಎಂಬುದೊಂದೇ ಪ್ರಶ್ನೆ. ಏನನ್ನು, ಯಾರಿಗಾಗಿ ಹೊತ್ತು ತಂದಿತು ಎಂಬ ಪ್ರಶ್ನೆಗೆ ಎಡೆಯಿಲ್ಲ.

ಈ ಕೊರತೆಗೆ ಕಲಾವಿದರ ಅಲಕ್ಷ್ಯವನ್ನಷ್ಟೇ ಕಾರಣವಾಗಿಸುವುದು ಸರಿಯಲ್ಲ; ಅದರ ಬೇರು ದತ್ತಾಂಶದ ವ್ಯಾಕರಣದಲ್ಲಿದೆ. ಎಕ್ಸ್-ಪ್ಲೇನ್ ತಂತ್ರಾಂಶದ ಕಡತದಲ್ಲಿ ರನ್‌ವೇ ಎಂದರೆ ಎರಡು ತುದಿಗಳ ಅಕ್ಷಾಂಶ-ರೇಖಾಂಶ, ಅಗಲ ಹಾಗೂ ಮೇಲ್ಮೈಯನ್ನು ಸೂಚಿಸುವ ಒಂದು ಅಂಕಿ: ಡಾಂಬರಿಗೆ 1, ಹುಲ್ಲಿಗೆ 3, ಮಣ್ಣಿಗೆ 4, ಜಲ್ಲಿಗೆ 5. ನೆಲದ ಒರಟುತನಕ್ಕೆ 0ಯಿಂದ 1ರವರೆಗಿನ ಒಂದು ದಶಾಂಶ. ಅದು ರನ್‌ವೇಯ ಉದ್ದಕ್ಕೂ ಒಂದೇ. ಮಹಾನಗರದ ಕಾಂಕ್ರೀಟಿಗೆ ಈ ವ್ಯಾಕರಣ ಸಾಕಾಗಬಹುದು. ಯಾವ ಮೂಲೆಯಲ್ಲಿ ಮಳೆನೀರು ನಿಲ್ಲುತ್ತದೆ, ದನಗಳು ಯಾವ ಕಡೆಯಿಂದ ದಾಟುತ್ತವೆ ಎಂಬ ಅರಿವಿನಿಂದಲೇ ಬಳಕೆಯಾಗುವ ಹಳ್ಳಿಯ ಹುಲ್ಲುಹಾಸಿಗೆ ಅದು ಸಾಲದು.

ಇದಕ್ಕೊಂದು ಭಾಗಶಃ ಪರಿಹಾರ ಅದೇ ಎಕ್ಸ್-ಪ್ಲೇನ್‌ನಲ್ಲಿದೆ. ಅದರ ಸೀನರಿ ಗೇಟ್‌ವೇ ವ್ಯವಸ್ಥೆಯಲ್ಲಿ ಸ್ವಯಂಸೇವಕರು ತಮಗೆ ತಿಳಿದ ತಾಣಗಳನ್ನು ರಚಿಸಿ ಸಲ್ಲಿಸಬಹುದು. ಪರಿಶೀಲನೆಯ ನಂತರ ಅವು ಮುಂದಿನ ಆವೃತ್ತಿಗಳಲ್ಲಿ ಸೇರುತ್ತವೆ. ಆಕಾಶದಿಂದ ಕಂಡ ಪಠ್ಯಕ್ಕೆ ನೆಲದವರು ಬರೆದ ತಿದ್ದುಪಡಿ ಇದು. ಗಣಕ, ಬಿಡುವು, ಇಂಗ್ಲಿಷ್ ಮೂರೂ ಉಳ್ಳವರೇ ಇದರಲ್ಲಿ ಹೆಚ್ಚಾಗಿ ತೊಡಗಬಲ್ಲರೆಂಬುದು ಇದರ ಮಿತಿ. ಆದ್ದರಿಂದ ಸಿಮ್ಯುಲೇಟರ್‌ನ ವಾಸ್ತವಿಕತೆಯನ್ನು ಅಳೆಯುವಾಗ ಚಿತ್ರದ ಸ್ಪಷ್ಟತೆಯೊಂದೇ ಮಾನದಂಡವಾಗಬಾರದು. ಯಾವ ಊರನ್ನು ಯಾರು, ಎಲ್ಲಿ ನಿಂತು ಚಿತ್ರಿಸಿದರು ಎಂಬುದನ್ನೂ ಜೊತೆಗೆ ವಿಚಾರಿಸಬೇಕೆಂಬುದು ನಮ್ಮ ಅಭಿಮತ.