ಎರವಲಿನ ಹಾಡು, ಸ್ವಂತ ದನಿ

ಸಾಹಿತ್ಯ ವಿಮರ್ಶೆಯಲ್ಲಿ ‘ಅನುಕರಣೆ’ ಎಂಬ ಮಾತನ್ನು ನಾವು ಹೆಚ್ಚಾಗಿ ದೂಷಣೆಯಾಗಿಯೇ ಬಳಸುತ್ತೇವೆ. ಒಬ್ಬ ಕವಿಯ ಕೃತಿಯಲ್ಲಿ ಇನ್ನೊಬ್ಬನ ದನಿ ಕೇಳಿಬಂದಿತೆಂದರೆ ಸಾಕು, ಅವನಲ್ಲಿ ಸ್ವಂತಿಕೆ ಇಲ್ಲವೆಂದು ತೀರ್ಪಿತ್ತು ಪುಸ್ತಕವನ್ನು ಮುಚ್ಚಿಬಿಡುತ್ತೇವೆ. ಆದರೆ ವ್ಯಾಸನ ಕಥೆಯನ್ನೇ ಎತ್ತಿಕೊಂಡ ಪಂಪನನ್ನಾಗಲಿ ಕುಮಾರವ್ಯಾಸನನ್ನಾಗಲಿ ಈ ಕೋಲಿನಿಂದ ಅಳೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಹಾಗಾದರೆ ಎರವಲು ತಂದದ್ದು ಯಾವ ಗಳಿಗೆಯಲ್ಲಿ ಸ್ವಂತದ್ದಾಗುತ್ತದೆ? ಹುಡುಗರು ಬರೆದು ತಂದ ಮೊದಲ ಪದ್ಯಗಳನ್ನು ಓದಬೇಕಾದ ನನ್ನಂಥ ಕನ್ನಡ ಅಧ್ಯಾಪಕನಿಗೆ ಇದು ಪುಸ್ತಕದ ಪ್ರಶ್ನೆಯಲ್ಲ, ನಿತ್ಯದ ಪ್ರಶ್ನೆ. ಒಬ್ಬನಲ್ಲಿ ಬೇಂದ್ರೆ, ಇನ್ನೊಬ್ಬನಲ್ಲಿ ಅಡಿಗರು, ಹುಡುಗ ಎಲ್ಲಿ? ಈ ಪ್ರಶ್ನೆಯನ್ನು ಐರ್ಲೆಂಡಿನ ರಾಡಿ ಡಾಯ್ಲ್‌ನ ‘ದಿ ಕಮಿಟ್‌ಮೆಂಟ್ಸ್’ ಎಂಬ ಕಿರುಕಾದಂಬರಿಯಷ್ಟು ಲವಲವಿಕೆಯಿಂದ ಎತ್ತಿಕೊಂಡ ಕೃತಿಯನ್ನು ನಾನು ಬೇರೆ ಕಂಡಿಲ್ಲ. ನಕ್ಕುನಗಿಸುವ ಪುಸ್ತಕವೆಂದು ಅದಕ್ಕೆ ಹೆಸರು. ಆ ನಗುವಿನ ಅಡಿಯಲ್ಲಿರುವ ವಿಚಾರವನ್ನು ಕುರಿತು ಇಲ್ಲಿ ಕೆಲವು ಮಾತು.

ಡಾಯ್ಲ್ ಹುಟ್ಟಿದ್ದು 1958ರಲ್ಲಿ, ಡಬ್ಲಿನ್ ನಗರದಲ್ಲಿ. ಆ ನಗರದ ಉತ್ತರ ಭಾಗದ ಕಿಲ್‌ಬ್ಯಾರಕ್ ಎಂಬ ಬಡಾವಣೆಯ ಶಾಲೆಯಲ್ಲಿ ಇಂಗ್ಲಿಷನ್ನೂ ಭೂಗೋಳವನ್ನೂ ಕಲಿಸುವ ಮೇಷ್ಟ್ರಾಗಿದ್ದುಕೊಂಡೇ ಈ ಕಾದಂಬರಿಯನ್ನು ಬರೆದು, 1987ರಲ್ಲಿ ತಾನೇ ಅಚ್ಚು ಹಾಕಿಸಿದ. ಮುಂದಿನ ವರ್ಷ ಲಂಡನ್ನಿನ ಪ್ರಕಾಶಕರು ಅದನ್ನು ಎತ್ತಿಕೊಂಡರು. ‘ದಿ ಸ್ನ್ಯಾಪರ್’ (1990), ‘ದಿ ವ್ಯಾನ್’ (1991) ಇವು ಅದೇ ಕುಟುಂಬದ ಕಥೆಯನ್ನು ಮುಂದುವರಿಸಿದ ಕೃತಿಗಳು. 1993ರಲ್ಲಿ ಬೇರೊಂದು ಕಾದಂಬರಿಗೆ ಅವನಿಗೆ ಬೂಕರ್ ಬಹುಮಾನ ಬಂದಿತು. ಈ ಮೂರು ಕೃತಿಗಳ ಊರು ಬ್ಯಾರಿಟೌನ್. ಅದು ಕಿಲ್‌ಬ್ಯಾರಕ್ಕಿನ ಪ್ರತಿರೂಪ. ಆದರೆ ಹೆಸರು ಮಾತ್ರ ‘ಸ್ಟೀಲಿ ಡ್ಯಾನ್’ ಎಂಬ ಅಮೆರಿಕದ ತಂಡವು 1974ರಲ್ಲಿ ಹಾಡಿದ ಒಂದು ಹಾಡಿನಿಂದ ತಂದದ್ದು. ತನ್ನ ಊರನ್ನು ತೋರಿಸಹೊರಟವನು ಊರಿಗೆ ಹೆಸರನ್ನೇ ಪರದೇಶದ ಹಾಡಿನಿಂದ ಸಾಲ ತಂದಿದ್ದಾನೆ! ಕಾದಂಬರಿಯ ವಸ್ತುವೆಲ್ಲ ಈ ಒಂದು ಹೆಸರಿನಲ್ಲಿ ಅಡಗಿದೆಯೆಂದರೂ ಸಲ್ಲುತ್ತದೆ.

ಕಥೆ ಸರಳವಾದುದು. ಔಟ್‌ಸ್ಪ್ಯಾನ್, ಡೆರೆಕ್ ಎಂಬಿಬ್ಬರು ಗೆಳೆಯರು ಗಿಟಾರು ಹಿಡಿದು ಬ್ಯಾಂಡು ಕಟ್ಟಹೊರಟಿದ್ದಾರೆ. ದಾರಿ ಕಾಣದೆ ಜಿಮ್ಮಿ ರ‍್ಯಾಬಿಟ್ ಎಂಬವನ ಮೊರೆಹೋಗುತ್ತಾರೆ. ಜಿಮ್ಮಿ ನುಡಿಸುವವನಲ್ಲ, ಕೇಳುವವನು. ಯಾರು ಏನನ್ನು ಹಾಡಿದರೆಂಬುದೆಲ್ಲ ಅವನ ನಾಲಗೆಯ ಮೇಲಿದೆ. ಅಮೆರಿಕದ ಕರಿಯ ಜನರ ‘ಸೋಲ್’ ಸಂಗೀತವನ್ನೇ ನಾವು ಹಾಡತಕ್ಕದ್ದು ಎಂದು ಅವನು ವಿಧಿಸುತ್ತಾನೆ. ಇಗರ್ಜಿಯ ಭಕ್ತಿಗೀತವೂ ದುಡಿಯುವವರ ಬ್ಲೂಸ್ ಹಾಡೂ ಕೂಡಿ 1950–60ರ ದಶಕಗಳಲ್ಲಿ ಮೈತಾಳಿದ ಸಂಗೀತವದು. ಪತ್ರಿಕೆಯ ಜಾಹೀರಾತು ನೋಡಿ ಬಂದವರನ್ನು ಜಿಮ್ಮಿ ಮನೆಬಾಗಿಲಲ್ಲೇ ನಿಲ್ಲಿಸಿ ಪರೀಕ್ಷಿಸುತ್ತಾನೆ. ಹಾಗೂ ಹೀಗೂ ಒಂದು ಮೇಳ ಕೂಡುತ್ತದೆ: ದಿವ್ಯವಾದ ಕಂಠ ಮತ್ತು ಅಷ್ಟೇ ಅಸಹ್ಯವಾದ ಜಂಭ ಇರುವ ಡೆಕೊ, ಹಿಂದನಿಗೆ ಇಮೆಲ್ಡಾ, ನ್ಯಾಟಲಿ, ಬರ್ನಿ ಎಂಬ ಮೂವರು ಹುಡುಗಿಯರು, ಡ್ರಮ್ಮಿಗೆ ಬಿಲಿ, ಸ್ಯಾಕ್ಸೋಫೋನಿಗೆ ಡೀನ್, ಪಿಯಾನೋಗೆ ವೈದ್ಯವಿದ್ಯಾರ್ಥಿ ಜೇಮ್ಸ್. ಎಲ್ಲರಿಗೂ ಹಿರಿಯನಾಗಿ, ದೇವರೇ ತನ್ನನ್ನು ಕಳಿಸಿದನೆನ್ನುವ ತುತ್ತೂರಿಯ ಜೋಯಿ ಫೇಗನ್. ಅಭ್ಯಾಸ, ಸಮುದಾಯ ಭವನದಲ್ಲಿ ಮೊದಲ ಕಚೇರಿ, ಪಾನಗೃಹಗಳಲ್ಲಿ ಮುಂದಿನವು, ಬೆಳೆಯುತ್ತಿರುವ ಜನ. ಒಂದು ಸಣ್ಣ ಕಂಪನಿ ಧ್ವನಿಮುದ್ರಿಕೆ ತೆಗೆಯಲು ಮುಂದಾದ ರಾತ್ರಿಯೇ ಅಸೂಯೆ, ಹೊಡೆದಾಟಗಳಲ್ಲಿ ಮೇಳ ಒಡೆದು ಚೂರಾಗುತ್ತದೆ. ಇಷ್ಟೇ.

ಇಷ್ಟನ್ನು ಡಾಯ್ಲ್ ಹೇಳಿರುವ ಬಗೆ ಗಮನಾರ್ಹವಾದುದು. ಕಾದಂಬರಿಯಲ್ಲಿ ವರ್ಣನೆ ಎಂಬುದು ಇಲ್ಲವೆನ್ನುವಷ್ಟು ಕಡಿಮೆ. ಮನೆಗಳು ಹೇಗಿವೆ, ಹುಡುಗರ ಮುಖ ಹೇಗಿದೆ ಎಂಬುದನ್ನು ಅವನು ಹೇಳಹೋಗುವುದಿಲ್ಲ. ಪುಟ ತುಂಬ ಮಾತು, ಮಾತಿಗೆ ಮಾತು, ನಡುವೆ ಬೈಗುಳ. ಅದೂ ಉತ್ತರ ಡಬ್ಲಿನ್ನಿನ ದುಡಿಯುವ ಜನ ಆಡುವ ಇಂಗ್ಲಿಷು. ಅಕ್ಷರ ನುಂಗಿದ್ದನ್ನು ನುಂಗಿದ ಹಾಗೆಯೇ ಬರೆದಿದ್ದಾನೆ. ಹಾಡು ಬಂದಾಗ ಅಚ್ಚಿನ ಅಕ್ಷರಗಳೇ ದೊಡ್ಡದಾಗುತ್ತವೆ. ತುತ್ತೂರಿಯ ದನಿಯೂ ಅಕ್ಷರವಾಗಿ ಸಾಲಿನ ನಡುವೆ ನುಗ್ಗುತ್ತದೆ. ಮೊದಮೊದಲು ಇದು ಕುಚೇಷ್ಟೆಯಂತೆ ತೋರುವುದುಂಟು. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ಅದರ ಭಾಷೆ ನಮ್ಮ ಅನೇಕ ಓದುಗರನ್ನು ಹೊಸಿಲಲ್ಲೇ ತಡೆದು ನಿಲ್ಲಿಸಿದ್ದನ್ನು ಇಲ್ಲಿ ನೆನೆಯಬಹುದು. ಎರಡೂ ಕೃತಿಗಳ ಸತ್ತ್ವ ಬೇರೆ ಬೇರೆ. ಕಾವ್ಯದ ಆಳದಲ್ಲಿ ಡಾಯ್ಲ್ ಮಹಾದೇವರಿಗೆ ಸಮನಲ್ಲ. ಆದರೆ ಗಟ್ಟಿಯಾಗಿ ಓದಿಕೊಂಡಾಗ ಮಾತ್ರ ಬಿಚ್ಚಿಕೊಳ್ಳುವ ಗುಣ ಎರಡಕ್ಕೂ ಉಂಟು. ಕಣ್ಣಿನ ಓದಿಗೆ ಮಣಿಯದ ಗದ್ಯ ಕಿವಿಗೆ ಮಣಿಯುತ್ತದೆ.

ಇನ್ನು ನನ್ನ ಮುಖ್ಯ ವಿಚಾರಕ್ಕೆ ಬರುತ್ತೇನೆ. ಈ ಹುಡುಗರು ಹಾಡುವ ಒಂದು ಹಾಡೂ ಅವರದಲ್ಲ. ಅವುಗಳಲ್ಲಿ ‘ನೈಟ್ ಟ್ರೇನ್’ ಎಂಬುದೊಂದು. ಜೇಮ್ಸ್ ಬ್ರೌನ್ 1960ರ ದಶಕದ ಮೊದಲಲ್ಲಿ ಅದನ್ನು ಪ್ರಸಿದ್ಧಿಗೆ ತಂದ. ಮಯಾಮಿ, ಅಟ್ಲಾಂಟಾ, ಫಿಲಡೆಲ್ಫಿಯಾ ಮುಂತಾದ ಊರುಗಳನ್ನು ರೈಲಿನ ಓಟಕ್ಕೆ ತಕ್ಕಂತೆ ಕೂಗುತ್ತ ಹೋಗುವುದೇ ಅದರ ಬೆಡಗು. ಡೆಕೊ ಇದನ್ನು ಹಾಡುವಾಗ ಅಮೆರಿಕದ ಊರುಗಳು ಜಾರಿಹೋಗಿ ಕಾನಲಿ, ಕಿಲೆಸ್ಟರ್, ಹಾರ್ಮನ್ಸ್‌ಟೌನ್, ರಹೀನಿ ಎಂದು ತನ್ನ ಮನೆಗೆ ಹೋಗುವ ರೈಲಿನ ನಿಲ್ದಾಣಗಳು ಒಂದೊಂದಾಗಿ ಬರುತ್ತವೆ. 1984ರಲ್ಲಷ್ಟೇ ಆ ಹಳಿಗೆ ವಿದ್ಯುತ್ ರೈಲು ಬಂದಿತ್ತು. ಕೆಲಸ ಕಳೆದುಕೊಂಡವರು, ಕೆಲಸವನ್ನೇ ಕಾಣದವರು ದಿನವೂ ನೋಡುವ, ಯಾವ ಕವಿಯೂ ಹಾಡದ ಹೆಸರುಗಳು ಅವು. ಐರ್ಲೆಂಡಿನಲ್ಲಿ ನೂರಕ್ಕೆ ಹದಿನೈದಕ್ಕೂ ಹೆಚ್ಚು ಮಂದಿ ನಿರುದ್ಯೋಗಿಗಳಾಗಿದ್ದ ಕಾಲವದು. ಆ ಹೆಸರುಗಳು ಹಾಡಿನೊಳಗೆ ಬಂದು ಕೂತ ಕ್ಷಣದಲ್ಲಿ ಎರವಲು ತೀರಿತು. ರಾಗ ಬದಲಾಗಲಿಲ್ಲ, ತಾಳ ಬದಲಾಗಲಿಲ್ಲ. ರೈಲು ಮಾತ್ರ ಇವರ ಊರಿನಲ್ಲಿ ನಿಂತಿತು. ಕಾದಂಬರಿಯ ಹೃದಯ ಇಲ್ಲಿದೆಯೆಂದು ನನ್ನ ಎಣಿಕೆ.

ಅಪ್ಪಟವಾದ ಮೂಲವೊಂದಿದೆ, ಇದು ಅದರ ನಕಲು ಎನ್ನುವವರಿಗೆ ಸೋಲ್ ಸಂಗೀತದ ಚರಿತ್ರೆಯೇ ಉತ್ತರ ಹೇಳುತ್ತದೆ. ಓಟಿಸ್ ರೆಡಿಂಗ್ 1966ರಲ್ಲಿ ಹಾಡಿದ ‘ಟ್ರೈ ಎ ಲಿಟಲ್ ಟೆಂಡರ್‌ನೆಸ್’ ಈ ಪದ್ಧತಿಯ ಶಿಖರಗಳಲ್ಲೊಂದು. ಆದರೆ ಅದು ಮೂವರು ಬಿಳಿಯರು ರಚಿಸಿದ ಹಾಡು. 1932ರಲ್ಲಿ ಲಂಡನ್ನಿನ ರೇ ನೋಬಲ್ ವಾದ್ಯಗೋಷ್ಠಿ ಅದನ್ನು ಮೊದಲು ಮುದ್ರಿಸಿತ್ತು. ಕೋಮಲವಾದ ಆ ಗೀತವನ್ನು ರೆಡಿಂಗ್ ಮೆಲ್ಲಗೆ ಎತ್ತಿಕೊಂಡು, ಕೊನೆಗೆ ಮೈದುಂಬಿದವನಂತೆ ಕೂಗಾಡಿ ಮುಗಿಸಿದ. ಅವನ ಹಿಂದೆ ಮೆಂಫಿಸಿನಲ್ಲಿ ನುಡಿಸುತ್ತಿದ್ದ ಬುಕರ್ ಟಿ. ಜೋನ್ಸನ ಮೇಳದಲ್ಲಿ ಕರಿಯರೂ ಇದ್ದರು, ಬಿಳಿಯರೂ ಇದ್ದರು. ರೆಡಿಂಗನೇ 1965ರಲ್ಲಿ ಬರೆದು ಹಾಡಿದ ‘ರೆಸ್ಪೆಕ್ಟ್’ ಎಂಬುದು ಮನೆಗೆ ಬಂದ ಗಂಡಸು ಮರ್ಯಾದೆ ಕೇಳುವ ಹಾಡು. ಎರಡೇ ವರ್ಷದಲ್ಲಿ ಅರೀಥಾ ಫ್ರಾಂಕ್ಲಿನ್ ಅದನ್ನು ತನ್ನ ಬಾಯಿಗೆ ತೆಗೆದುಕೊಂಡಳು. ಮರ್ಯಾದೆ ಕೇಳುವವಳು ಹೆಂಗಸಾದಳು, ಹಾಡಿನ ಅರ್ಥ ತಲೆಕೆಳಗಾಯಿತು. ಇಂದು ಅದು ಯಾರ ಹಾಡೆಂದು ಕೇಳಿದರೆ ಲೋಕವೆಲ್ಲ ಅರೀಥಾಳ ಹೆಸರನ್ನೇ ಹೇಳುತ್ತದೆ. ನ್ಯೂಮನ್ನನ ಪ್ರಾರ್ಥನೆಯನ್ನು ಬಿ. ಎಂ. ಶ್ರೀಕಂಠಯ್ಯನವರು ಕನ್ನಡಕ್ಕೆ ತಂದ ಮೇಲೆ ನಮ್ಮ ಶಾಲೆಗಳಲ್ಲಿ ಅದನ್ನು ಹಾಡುವ ಮಕ್ಕಳಿಗೆ ಅದು ಇಂಗ್ಲಿಷಿನಿಂದ ಬಂದದ್ದೆಂಬ ಅರಿವಾದರೂ ಎಲ್ಲಿದೆ? ಹಾಡಿನ ಒಡೆತನ ಹುಟ್ಟಿನಿಂದ ಬರುವುದಲ್ಲ, ಬಾಳಿಕೆಯಿಂದ ಬರುವುದು.

ಒಡೆತನಕ್ಕೆ ಇನ್ನೆರಡು ಅಡ್ಡದಾರಿಗಳುಂಟು. ಡಾಯ್ಲ್ ಎರಡನ್ನೂ ಪಾತ್ರಗಳಾಗಿಸಿ ತೋರಿಸಿದ್ದಾನೆ. ಒಂದು, ವಂಶಾವಳಿಯ ದಾರಿ, ಅದು ಜೋಯಿಯದು. ತಾನು ಅಮೆರಿಕದ ಮಹಾಮಹಾ ಗಾಯಕರೊಡನೆ ನುಡಿಸಿದವನು, ಆದ್ದರಿಂದ ತನ್ನ ಮಾತೇ ಪ್ರಮಾಣ ಎಂಬ ಗತ್ತು ಅವನದು. ಡೀನ್ ಸ್ಯಾಕ್ಸೋಫೋನಿನಲ್ಲಿ ತನ್ನ ಮನೋಧರ್ಮವನ್ನು ಹರಿಯಬಿಟ್ಟು ಜಾಸ್ ಸಂಗೀತದತ್ತ ವಾಲಿದರೆ, ಜೋಯಿಗೆ ಅದು ಧರ್ಮಭ್ರಷ್ಟತೆ. ಕೊನೆಗೆ ಜೋ ಟೆಕ್ಸ್ ಎಂಬ ಗಾಯಕನೊಡನೆ ಪ್ರವಾಸಕ್ಕೆ ಕರೆಬಂದಿದೆಯೆಂದು ಅವನು ಅಮೆರಿಕಕ್ಕೆ ಹೊರಡುತ್ತಾನೆ. ಜೋ ಟೆಕ್ಸ್ ತೀರಿಕೊಂಡದ್ದು 1982ರಲ್ಲಿ! ಗುರುವಿನ ಪರಂಪರೆಯೆಲ್ಲ ಕಟ್ಟುಕಥೆಯಾಗಿರಬಹುದೆಂಬ ಈ ಒಂದು ವ್ಯಂಗ್ಯದಿಂದ ಡಾಯ್ಲ್ ‘ಅಪ್ಪಟತನ’ದ ಬುಡಕ್ಕೇ ಕೊಡಲಿ ಹಾಕಿದ್ದಾನೆ. ಆದರೂ ಸುಳ್ಳುಗಾರನ ತುತ್ತೂರಿಯಿಂದ ಹುಡುಗರು ಕಲಿತದ್ದು ಸುಳ್ಳಲ್ಲ. ಇದು ಕಾದಂಬರಿಯ ಸೂಕ್ಷ್ಮ.

ಎರಡನೆಯದು ಸಿದ್ಧಾಂತದ ದಾರಿ, ಅದು ಜಿಮ್ಮಿಯದು. ಯುರೋಪಿನಲ್ಲಿ ಐರಿಷರು, ಐರ್ಲೆಂಡಿನಲ್ಲಿ ಡಬ್ಲಿನ್ನಿನವರು, ಡಬ್ಲಿನ್ನಿನಲ್ಲಿ ಉತ್ತರ ಭಾಗದವರು ಕರಿಯರಿಗೆ ಸಮಾನರು, ಆದಕಾರಣ ಈ ಸಂಗೀತ ನಮ್ಮದೇ ಎಂಬುದು ಅವನ ವಾದದ ತಿರುಳು. ಪುಸ್ತಕದಲ್ಲಿ ಇದನ್ನು ಹೇಳುವಾಗ ಅವನು ಬಳಸುವುದು ಕರಿಯರನ್ನು ಹೀಯಾಳಿಸುವ ಶಬ್ದವನ್ನು. ಚಲನಚಿತ್ರದಲ್ಲಿ ಅದನ್ನು ಮಿದುಗೊಳಿಸಿದ್ದಾರೆ. ಶಬ್ದವನ್ನು ತಿದ್ದಿದ ಮಾತ್ರಕ್ಕೆ ತರ್ಕ ನೇರವಾಗುವುದಿಲ್ಲ. ಬಡತನದ ಅನುಭವ ಎರಡು ಕಡೆಯೂ ಉಂಟೆಂಬುದು ನಿಜ. ಆದರೆ ಮನುಷ್ಯನನ್ನು ಸಂತೆಯಲ್ಲಿ ನಿಲ್ಲಿಸಿ ಮಾರಿದ ಚರಿತ್ರೆಗೆ ನಿರುದ್ಯೋಗದ ಚರಿತ್ರೆ ಸಮನಾಗದು. ಜಿಮ್ಮಿ ಇಪ್ಪತ್ತರ ಆಸುಪಾಸಿನ ಹುಡುಗ, ಹಾಗೆ ಅಂದುಕೊಳ್ಳುವುದು ಸಹಜ. ಆದರೆ ಅವನ ಮಾತನ್ನು ತಡೆದು ಕೇಳುವ ಒಂದು ದನಿಯನ್ನಾದರೂ ಡಾಯ್ಲ್ ಇಡಬಹುದಾಗಿತ್ತು. ಹಾಡಿದವರ ಹಾಡು ಇದೆ, ಅವರ ನೋವು ಪುಸ್ತಕದೊಳಕ್ಕೆ ಬಂದಿಲ್ಲ. ನಿಲ್ದಾಣದ ಹೆಸರು ಕೂಗಿ ಡೆಕೊ ಪ್ರಾಮಾಣಿಕವಾಗಿ ಗಳಿಸಿದ್ದನ್ನು ಜಿಮ್ಮಿ ಬರಿಯ ವಾದದಿಂದ ದಕ್ಕಿಸಿಕೊಳ್ಳಹೊರಡುತ್ತಾನೆ.

ಇನ್ನೊಂದು ಕೊರತೆ ಹುಡುಗಿಯರ ವಿಷಯದಲ್ಲಿ. ಮೂವರೂ ಬಾಯಿ ಜೋರಿನವರು, ಚುರುಕಿನವರು. ಹುಡುಗರ ಜಂಭವನ್ನು ಒಂದೇ ಮಾತಿನಲ್ಲಿ ಇಳಿಸಬಲ್ಲವರು. ಆದರೂ ಕಾದಂಬರಿ ಅವರನ್ನು ನೋಡುವುದು ಬಹುಮಟ್ಟಿಗೆ ಹುಡುಗರ ಕಣ್ಣಿನಿಂದ. ಇಮೆಲ್ಡಾ ಯಾರಿಗೆ ಒಲಿದಳು ಎಂಬ ಅಸೂಯೆಯೇ ಮೇಳ ಒಡೆಯುವುದಕ್ಕೆ ಕಿಡಿಯಾಗುತ್ತದೆ. ಅವಳು ಏನನ್ನು ಬಯಸಿ ಹಾಡಲು ಬಂದಳೆಂಬುದು ತಿಳಿಯುವುದಿಲ್ಲ. ಅರೀಥಾ ‘ರೆಸ್ಪೆಕ್ಟ್’ ಹಾಡನ್ನು ತಿರುಗಿಸಿ ಹಿಡಿದಂತೆ ಇವರಿಗೂ ಒಂದು ಹಾಡನ್ನು ತಿರುಗಿಸಿ ಹಿಡಿಯುವ ಗಳಿಗೆ ಒದಗಿದ್ದರೆ ಕೃತಿ ಇನ್ನೊಂದು ಎತ್ತರಕ್ಕೆ ಏರುತ್ತಿತ್ತು. ಅಲನ್ ಪಾರ್ಕರ್ 1991ರಲ್ಲಿ ಇದನ್ನು ಚಲನಚಿತ್ರವಾಗಿಸಿದಾಗ ಹುಡುಗಿಯರಿಗೂ ಮುಂದೆ ನಿಂತು ಹಾಡುವ ಅವಕಾಶವಿತ್ತು, ಕೊರತೆಯನ್ನು ಸ್ವಲ್ಪ ತುಂಬಿದ. ಡೆಕೊ ಆಗಿ ಹಾಡಿದ ಆಂಡ್ರ್ಯೂ ಸ್ಟ್ರಾಂಗ್‌ಗೆ ಆಗಿನ್ನೂ ಹದಿನಾರರ ಪ್ರಾಯವೆಂಬುದನ್ನು ಕಿವಿ ನಂಬುವುದಿಲ್ಲ. ಆದರೆ ಚಿತ್ರದಲ್ಲಿ ಹಾಡು ನಿಜವಾಗಿಯೂ ಚೆನ್ನಾಗಿರಲೇಬೇಕು. ಪುಸ್ತಕದಲ್ಲಿ ಅದು ಚೆನ್ನಾಗಿದೆಯೇ ಎಂಬ ಅನುಮಾನ ಕೊನೆಯವರೆಗೂ ಉಳಿದು, ಆ ಅನುಮಾನದಿಂದಲೇ ಹಾಸ್ಯಕ್ಕೆ ಮರುಕ ಸೇರುತ್ತದೆ. ಅದು ಅಕ್ಷರಕ್ಕೆ ಮಾತ್ರ ಸಾಧ್ಯ.

ಗಣೇಶೋತ್ಸವದ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ನಮ್ಮ ಊರುಗಳ ಹುಡುಗರು ಸಿನಿಮಾ ಹಾಡುಗಳನ್ನು ಹಾಡುತ್ತಾರೆ. ‘ಥೇಟ್ ಪಿ. ಬಿ. ಶ್ರೀನಿವಾಸ್’ ಎನ್ನಿಸಿಕೊಂಡವನೇ ಅಲ್ಲಿ ದೊಡ್ಡವನು. ಹೋಲಿಕೆ ಒಂದು ವಿದ್ಯೆ, ಸಂದೇಹವಿಲ್ಲ. ಕಲಿಯುವವನು ಆ ಮೆಟ್ಟಿಲನ್ನು ಹತ್ತಲೇಬೇಕು. ಆದರೆ ಮೆಟ್ಟಿಲೇ ಮನೆಯಾಗಬಾರದು. ಪದ್ಯ ಬರೆದು ತರುವ ಹುಡುಗನಿಗೆ ಈ ಕಾದಂಬರಿಯ ನೆಪದಲ್ಲಿ ಹೇಳಬಹುದಾದ ಮಾತು ಇದು: ಬೇಂದ್ರೆಯ ದನಿಯನ್ನು ಎರವಲು ತಂದದ್ದಕ್ಕೆ ನಾಚಬೇಡ, ಆ ದನಿಯಲ್ಲಿ ನಿನ್ನ ಊರಿನ ಬಸ್ಸು ಎಲ್ಲಿ ನಿಲ್ಲುತ್ತದೆ, ಅದನ್ನು ಹೇಳು. ಮೇಳ ಒಡೆದ ಮೇಲೆ ಜಿಮ್ಮಿ ಅಳುತ್ತ ಕೂರುವುದಿಲ್ಲ. ಉಳಿದ ಮೂರು ನಾಲ್ಕು ಮಂದಿಯನ್ನು ಕೂಡಿಸಿಕೊಂಡು ಬೇರೊಂದು ಬಗೆಯ ಹಾಡಿಗೆ ತೊಡಗುತ್ತಾನೆ. ಹಾಡಿದವರಿಗೆ ಹಣ ಬರಲಿಲ್ಲ, ಕೀರ್ತಿ ಬರಲಿಲ್ಲ. ನಾಲ್ಕು ಜನರೆದುರು ಬಾಯಿ ತೆರೆಯಬಹುದೆಂಬ ಧೈರ್ಯ ಬಂದಿತು. ಸಾಹಿತ್ಯಕ್ಕೂ ಮೊದಲ ಬಂಡವಾಳ ಇದೇ.

ಇದನ್ನು ಕನ್ನಡಕ್ಕೆ ತರಹೊರಡುವವರಿಗೆ ಒಂದು ಸಮಸ್ಯೆ ಕಾದಿದೆ. ಕಾದಂಬರಿಯ ತರ್ಕವನ್ನೇ ಹಿಡಿದರೆ ರೈಲು ಮದ್ದೂರು, ಮಂಡ್ಯಗಳಲ್ಲಿ ನಿಲ್ಲಬೇಕು. ಹಾಗೆ ಮಾಡಿದರೆ ಡಬ್ಲಿನ್ನಿನ ಹುಡುಗರು ಮತ್ತೆ ಊರಿಲ್ಲದವರಾಗುತ್ತಾರೆ. ನಿಲ್ದಾಣಗಳು ಅವರವೇ ಇರಲಿ. ಅವರು ಅದನ್ನು ಕಷ್ಟಪಟ್ಟು ಗಳಿಸಿದ್ದಾರೆ. ಆದರೆ ಅವರ ಬಾಯಲ್ಲಿ ಪಠ್ಯಪುಸ್ತಕದ ಕನ್ನಡವನ್ನು ಮಾತ್ರ ದಯವಿಟ್ಟು ತುರುಕಬಾರದು.